ರೋಬೋಟ್ ಹೇಳಿದ್ದಕ್ಕೆ ಬಸ್ಸಿನ ಸಾಕ್ಷಿ

ಸಾರ್ವಜನಿಕ ರಸ್ತೆಯಲ್ಲಿ ಓಡಾಡುವ ರೋಬೋಟ್ ಯಾವ ಕ್ಷಣದಲ್ಲಿ ಎಲ್ಲಿತ್ತು, ಎಷ್ಟು ವೇಗದಲ್ಲಿತ್ತು, ಎದುರಿಗಿದ್ದ ಮನುಷ್ಯನಿಂದ ಎಷ್ಟು ದೂರದಲ್ಲಿ ನಿಂತಿತು ಎಂಬುದರ ದಾಖಲೆ ಬಹುಮಟ್ಟಿಗೆ ಅದನ್ನು ನಡೆಸುವ ಕಂಪನಿಯ ಕೈಯಲ್ಲೇ ಇರುತ್ತದೆ. ಇದರ ಅಪಾಯವನ್ನು 2023ರ ಅಕ್ಟೋಬರ್ 2ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಡೆದ ಅಪಘಾತ ತೋರಿಸಿಕೊಟ್ಟಿತು. ಬೇರೊಂದು ಕಾರು ಗುದ್ದಿದ್ದರಿಂದ ರಸ್ತೆಗೆ ಬಿದ್ದ ಮಹಿಳೆಯೊಬ್ಬರಿಗೆ ಕ್ರೂಸ್ ಕಂಪನಿಯ ಚಾಲಕರಹಿತ ಕಾರು ಡಿಕ್ಕಿ ಹೊಡೆದು ನಿಂತು, ಬಳಿಕ ರಸ್ತೆಬದಿಗೆ ಸರಿಯುವ ಯತ್ನದಲ್ಲಿ ಅವರನ್ನು ಸುಮಾರು 20 ಅಡಿ ಎಳೆದೊಯ್ದಿತು. ಎಳೆದೊಯ್ದ ಸಂಗತಿಯನ್ನು ಕಂಪನಿಯು ಸರ್ಕಾರಿ ಅಧಿಕಾರಿಗಳಿಗೆ ಪೂರ್ಣವಾಗಿ ತಿಳಿಸಲಿಲ್ಲ. ಅದೇ ತಿಂಗಳು ಕ್ಯಾಲಿಫೋರ್ನಿಯಾದ ಮೋಟಾರು ವಾಹನ ಇಲಾಖೆ ಅದರ ಪರವಾನಗಿಯನ್ನು ಅಮಾನತಿನಲ್ಲಿಟ್ಟಿತು.

ಹಾಗಾಗಿ ಕಂಪನಿಯ ದಾಖಲೆಯನ್ನು ತಾಳೆ ನೋಡಲು ಅದರ ಹಿಡಿತದಲ್ಲಿಲ್ಲದ ಎರಡನೆಯ ದಾಖಲೆಯೊಂದು ಬೇಕು. ವಾಹನಗಳ ಎಲೆಕ್ಟ್ರಾನಿಕ್ಸ್ ಕ್ಷೇತ್ರದಲ್ಲಿ ಕೆಲಸ ಮಾಡುವ ನನ್ನ ಅಭಿಪ್ರಾಯದಲ್ಲಿ, ಅದನ್ನು ಒದಗಿಸಲು ಅತ್ಯಂತ ಯೋಗ್ಯವಾದದ್ದು ನಗರ ಸಾರಿಗೆಯ ಬಸ್ಸು. ಅದು ದಿನವಿಡೀ ಅದೇ ಬೀದಿಗಳಲ್ಲಿ ಸಂಚರಿಸುತ್ತದೆ ಮತ್ತು ರೋಬೋಟ್ ಕಂಪನಿಗಳಿಗೆ ಸೇರಿದ್ದಲ್ಲ. ಮೈಸೂರಿಗೆ ಈ ವಿಚಾರ ತೀರಾ ಹೊಸದೂ ಅಲ್ಲ. ಬಸ್ಸು ಎಲ್ಲಿದೆ ಎಂಬುದನ್ನು ಜಿಪಿಎಸ್ ಮೂಲಕ ಅರಿತು ನಿಲ್ದಾಣದ ಫಲಕದಲ್ಲಿ ತೋರಿಸುವ 'ಮಿತ್ರ' ವ್ಯವಸ್ಥೆಯನ್ನು ಕೆಎಸ್‌ಆರ್‌ಟಿಸಿ ಇಲ್ಲಿ 2012ರಲ್ಲೇ ಸುಮಾರು 500 ಬಸ್ಸುಗಳಲ್ಲಿ ಜಾರಿಗೆ ತಂದಿತ್ತು. ಅದು ಬಸ್ಸು ತನ್ನ ಬಗ್ಗೆ ತಾನೇ ಹೇಳಿಕೊಳ್ಳುವ ವ್ಯವಸ್ಥೆ. ಸುತ್ತಮುತ್ತ ಏನಿದೆ ಎಂದು ಹೇಳಬೇಕಾದರೆ ಇಂದಿನ ಅನೇಕ ಕಾರುಗಳಲ್ಲಿರುವಂಥ ರಾಡಾರ್ ಮತ್ತು ಕ್ಯಾಮೆರಾಗಳನ್ನು ಅದಕ್ಕೂ ಅಳವಡಿಸಬೇಕು.

ಇವೆರಡರಲ್ಲಿ ನಾನು ರಾಡಾರ್‌ಗೆ ಮೊದಲ ಸ್ಥಾನ ಕೊಡುತ್ತೇನೆ. 76ರಿಂದ 81 ಗಿಗಾಹರ್ಟ್ಸ್‌ನಲ್ಲಿ ಕೆಲಸ ಮಾಡುವ ವಾಹನ ರಾಡಾರ್‌ಗೆ ಕತ್ತಲೆ ಅಡ್ಡಿಯಲ್ಲ, ಮಳೆಯಲ್ಲೂ ಅದು ಕ್ಯಾಮೆರಾದಷ್ಟು ಸೋಲುವುದಿಲ್ಲ. ದೂರದ ಜೊತೆಗೆ ವೇಗವನ್ನೂ ಅದು ನೇರವಾಗಿ ಅಳೆಯುತ್ತದೆ. ಆದರೆ ಸಾಮಾನು ತಲುಪಿಸುವಂಥ, ಪ್ಲಾಸ್ಟಿಕ್ ಮೈಯ, ಮೊಣಕಾಲೆತ್ತರದ ರೋಬೋಟ್ ಅದಕ್ಕೆ ಕಷ್ಟದ ಗುರಿ. ಹೆಬ್ಬಾಳ ಕೈಗಾರಿಕಾ ಪ್ರದೇಶದ ಆವರಣವೊಂದರಲ್ಲಿ ನಾವು ಪರೀಕ್ಷೆ ನಡೆಸಿದಾಗ, ನಡಿಗೆಯ ವೇಗದಲ್ಲಿ ಸಾಗುತ್ತಿದ್ದ ರೋಬೋಟ್‌ನ ಚುಕ್ಕೆ ಕಬ್ಬಿಣದ ಬೇಲಿಯ ಬಳಿ ಬಂದೊಡನೆ ಪರದೆಯಿಂದ ಮರೆಯಾಗಿ, ಗೇಟಿನ ಖಾಲಿ ಜಾಗದಲ್ಲಿ ಮತ್ತೆ ಕಾಣಿಸಿಕೊಳ್ಳುತ್ತಿತ್ತು. ಬೇಲಿಯಿಂದ ಮರಳುವ ಪ್ರಬಲ ಅಲೆಗಳಲ್ಲಿ ರೋಬೋಟ್‌ನಿಂದ ಮರಳುವ ದುರ್ಬಲ ಅಲೆ ಮುಳುಗಿಹೋಗುತ್ತದೆ.

ಇದಕ್ಕೆ ಪರಿಹಾರ ಸರಳ, ಖರ್ಚೂ ಕಡಿಮೆ. ಮೂರು ತ್ರಿಕೋನಾಕಾರದ ಲೋಹದ ತಗಡುಗಳನ್ನು ಒಂದಕ್ಕೊಂದು ಲಂಬವಾಗಿ ಜೋಡಿಸಿದರೆ ಉಂಟಾಗುವ ಒಳಮೂಲೆ, ತನ್ನ ಮೇಲೆ ಬಿದ್ದ ಅಲೆಯನ್ನು ಬಂದ ದಿಕ್ಕಿಗೇ ಮರಳಿಸುತ್ತದೆ. 77 ಗಿಗಾಹರ್ಟ್ಸ್‌ನಲ್ಲಿ ಅಲೆಯುದ್ದ 4 ಮಿಲಿಮೀಟರ್‌ಗಿಂತ ತುಸು ಕಡಿಮೆ ಇರುವುದರಿಂದ, ಕೇವಲ 5 ಸೆಂಟಿಮೀಟರ್ ಅಂಚಿನ ಇಂಥ ಮೂಲೆಯೂ ಲೆಕ್ಕದ ಪ್ರಕಾರ ರಾಡಾರ್‌ಗೆ ಸುಮಾರು 1.7 ಚದರ ಮೀಟರ್‌ನ ಗುರಿಯಾಗಿ ಕಾಣುತ್ತದೆ. ಅಂಚನ್ನು ಇಮ್ಮಡಿಗೊಳಿಸಿದರೆ ಅದು ಹದಿನಾರು ಪಟ್ಟಾಗುತ್ತದೆ. ಎಸ್ಟೋನಿಯಾದಲ್ಲಿ ಬೆಳೆದ ಸ್ಟಾರ್‌ಶಿಪ್ ಕಂಪನಿಯ ಸಾಮಾನು ತಲುಪಿಸುವ ರೋಬೋಟ್‌ಗಳು ಜನರ ಕಣ್ಣಿಗೆ ಬೀಳಲೆಂದು ಕೋಲಿಗೆ ಬಾವುಟ ಕಟ್ಟಿಕೊಂಡು ಸಾಗುತ್ತವೆ. ನಾಲ್ಕೂ ದಿಕ್ಕಿಗೆ ಮುಖಮಾಡಿದ ಈ ಲೋಹದ ಮೂಲೆಗಳು ರಾಡಾರ್‌ನ ಪಾಲಿಗೆ ಅದೇ ಬಾವುಟ, ಮತ್ತು ಇವಿಲ್ಲದ ರೋಬೋಟ್‌ಗೆ ಪಾಲಿಕೆ ರಸ್ತೆಗಿಳಿಯಲು ಅನುಮತಿಯನ್ನೇ ಕೊಡಬಾರದು.

ಇನ್ನೂ ದೊಡ್ಡ ತೊಡಕು ಸ್ಥಳ ಮತ್ತು ಸಮಯದ್ದು. ಗಂಟೆಗೆ 36 ಕಿ.ಮೀ. ವೇಗದ ಬಸ್ಸು ಸೆಕೆಂಡಿಗೆ 10 ಮೀಟರ್ ಸಾಗುತ್ತದೆ. ಗಡಿಯಾರದಲ್ಲಿ ಸೆಕೆಂಡಿನ ಹತ್ತನೇ ಒಂದು ಭಾಗ ತಪ್ಪಿದರೂ ಒಂದು ಮೀಟರ್ ತಪ್ಪಿದಂತೆಯೇ. ಇದಕ್ಕೆ ಸಾಮಾನ್ಯ ಜಿಪಿಎಸ್‌ನ ಕೆಲವು ಮೀಟರ್‌ಗಳ ದೋಷವೂ ಸೇರಿದರೆ, ಸಯ್ಯಾಜಿರಾವ್ ರಸ್ತೆಯಲ್ಲಿ ರೋಬೋಟ್ ಫುಟ್‌ಪಾತ್ ಮೇಲಿತ್ತೋ ವಾಹನಗಳ ನಡುವೆ ಇತ್ತೋ ಎಂದು ಹೇಳಲಾಗದು. ಹಾಗಾಗಿ ಬಸ್ಸು ನಿಲ್ದಾಣದಲ್ಲಿ ನಿಂತಿರುವಾಗಿನ ಅಳತೆಯನ್ನಷ್ಟೇ ಸಾಕ್ಷ್ಯವಾಗಿ ಪರಿಗಣಿಸಬೇಕು ಎಂಬುದು ನನ್ನ ಸಲಹೆ. ಆಗ ಬಸ್ಸಿನ ವೇಗ ಸೊನ್ನೆ. ನಿಲ್ದಾಣದ ಕಂಬಗಳ ಸ್ಥಾನವನ್ನು ಒಮ್ಮೆ ಸರ್ವೆ ಮಾಡಿಟ್ಟರೆ ಜಿಪಿಎಸ್ ದೋಷವನ್ನೂ ಅವುಗಳ ಆಧಾರದಿಂದಲೇ ತಿದ್ದಬಹುದು. ಚಲಿಸುವಾಗಿನ ಅಳತೆ ಸುಳಿವು ಕೊಟ್ಟೀತು, ಆರೋಪ ಹೊರಿಸಲು ಸಾಲದು.

ಕ್ಯಾಮೆರಾದ ಬಗ್ಗೆ ನನ್ನ ನಿಲುವು ಕಟ್ಟುನಿಟ್ಟಿನದು. ರೋಬೋಟ್ ಮೇಲೆ ಕಣ್ಣಿಡುವ ನೆಪದಲ್ಲಿ ಬಸ್ಸಿಗೆ ಕಾಯುವ ಹೆಣ್ಣುಮಕ್ಕಳ, ಶಾಲಾ ಮಕ್ಕಳ ಚಿತ್ರಗಳು ಯಾವುದೋ ಸರ್ವರ್‌ನಲ್ಲಿ ಗುಡ್ಡೆ ಬೀಳಬಾರದು. ಚಿತ್ರವನ್ನು ಬಸ್ಸಿನೊಳಗಿನ ಕಂಪ್ಯೂಟರೇ ನೋಡಿ, ವಸ್ತು ರೋಬೋಟ್ ಹೌದೋ ಅಲ್ಲವೋ ಎಂದು ನಿರ್ಧರಿಸಿ, ಆ ಕ್ಷಣವೇ ಅಳಿಸಬೇಕು. ಹೊರಗೆ ಹೋಗಬೇಕಾದದ್ದು ಸಮಯ, ಸ್ಥಾನ, ವೇಗ, ಹತ್ತಿರದ ವ್ಯಕ್ತಿಯಿಂದ ಇದ್ದ ಅಂತರ ಮತ್ತು ಅಳತೆಯಲ್ಲಿರಬಹುದಾದ ದೋಷದ ಮಿತಿ ಮಾತ್ರ. ವಾಹನವೊಂದು ತಾನು ಕಂಡ ವಸ್ತುಗಳ ವಿವರವನ್ನು ಇತರರಿಗೆ ತಿಳಿಸಲು ಯುರೋಪಿನ ದೂರಸಂಪರ್ಕ ಮಾನದಂಡಗಳ ಸಂಸ್ಥೆಯಾದ ಇಟಿಎಸ್‌ಐ ರೂಪಿಸಿರುವ ಸಂದೇಶ ಮಾದರಿಯೂ ಚಿತ್ರದ ಬದಲು ಇಂಥ ವಿವರಗಳನ್ನೇ ಹೊರುತ್ತದೆ. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಆಶಯಕ್ಕೂ ಇದೇ ಹೊಂದುವ ದಾರಿ.

ದಾಖಲೆಯಲ್ಲಿ 'ಇರಲಿಲ್ಲ' ಮತ್ತು 'ಕಾಣಲಿಲ್ಲ' ಎಂಬೆರಡನ್ನು ಬೇರೆ ಬೇರೆಯಾಗಿಯೇ ಬರೆಯಬೇಕು. ದೇವರಾಜ ಮಾರುಕಟ್ಟೆಯ ಮುಂದೆ ಸಂಜೆಯ ಜನಸಂದಣಿಯಲ್ಲಿ, ಸಾಲಾಗಿ ನಿಂತ ಆಟೋಗಳ ಹಿಂದೆ, ಯಾವ ಸಂವೇದಕಕ್ಕೂ ಏನೂ ಕಾಣದ ಜಾಗಗಳಿರುತ್ತವೆ. ಅಂಥ ಜಾಗಗಳ ನಕ್ಷೆಯನ್ನು ಬಸ್ಸುಗಳ ದಾಖಲೆಯಿಂದಲೇ ತಯಾರಿಸಿ, ಅಲ್ಲಿ ರೋಬೋಟ್‌ನ ಜೊತೆ ಒಬ್ಬ ಮನುಷ್ಯ ನಡೆಯಲೇಬೇಕೆಂದು ಷರತ್ತು ಹಾಕಬಹುದು. ಜಂಬೂ ಸವಾರಿಯ ದಿನ ಅರಮನೆಯಿಂದ ಬನ್ನಿಮಂಟಪದವರೆಗಿನ ದಾರಿಯಲ್ಲಿ ಬಸ್ ಸಂಚಾರವೇ ಇರುವುದಿಲ್ಲವಾದ್ದರಿಂದ, ಅಂದು ಆ ದಾರಿಯಲ್ಲಿ ರೋಬೋಟ್‌ಗೂ ಪ್ರವೇಶ ಇರಬಾರದು.