ಫಾರ್ಮುಲಾ ಎಲ್ಲರಿಗೂ ಗೊತ್ತಿರುವಾಗ ಎಲ್ಲ ಕಂಪನಿಗಳೂ ಏಕೆ ತಯಾರಿಸುವುದಿಲ್ಲ?

ಓದುಗರ ಪ್ರಶ್ನೆ: ಸ್ತನ ಕ್ಯಾನ್ಸರಿಗೆ ಕೊಡುವ ಟ್ರಾಸ್ಟುಜುಮಾಬ್ ಚುಚ್ಚುಮದ್ದಿನ ಪೇಟೆಂಟ್ ಮುಗಿದು ವರ್ಷಗಳಾದವು. ಫಾರ್ಮುಲಾ ಗುಟ್ಟಾಗಿ ಉಳಿದಿಲ್ಲ. ಹಾಗಿದ್ದರೂ ಪ್ಯಾರಾಸಿಟಮಾಲ್‌ನಂತೆ ಎಲ್ಲ ಕಂಪನಿಗಳೂ ಅದನ್ನು ಏಕೆ ತಯಾರಿಸುತ್ತಿಲ್ಲ?

ಇದೇ ಪ್ರಶ್ನೆ ಇನ್ಸುಲಿನ್ ಹೆಸರಿನಲ್ಲಿ, ಲಸಿಕೆಗಳ ಹೆಸರಿನಲ್ಲಿ ಮತ್ತೆ ಮತ್ತೆ ಬರುತ್ತದೆ. ಎಷ್ಟು ಸಲ ಉತ್ತರಿಸಿದ್ದೇನೆಂಬ ಲೆಕ್ಕ ನನ್ನಲ್ಲಿ ಉಳಿದಿಲ್ಲ. ಬಂಡವಾಳ, ಪರವಾನಗಿಗಳ ತೊಡಕು ಇರುವುದು ನಿಜ. ಆದರೆ ಈ ಪ್ರಶ್ನೆಯೊಳಗೆ ಬೇರೂರಿರುವ ‘ಫಾರ್ಮುಲಾ’ ಎಂಬ ಕಲ್ಪನೆಯೇ ತಪ್ಪಾಗಿರುವುದರಿಂದ ಮೊದಲು ಅದನ್ನು ಕಿತ್ತುಹಾಕಬೇಕಾಗಿದೆ.

ಪ್ಯಾರಾಸಿಟಮಾಲ್‌ನ ಒಂದು ಅಣುವಿನಲ್ಲಿರುವುದು 20 ಪರಮಾಣುಗಳು. ಯಾವ ಊರಿನ ಕಾರ್ಖಾನೆಯಲ್ಲಿ ತಯಾರಾದರೂ ಶುದ್ಧೀಕರಿಸಿದ ಮೇಲೆ ಅದು ಅದೇ ಅಣು. ಟ್ರಾಸ್ಟುಜುಮಾಬ್ ಅದಕ್ಕಿಂತ ಸುಮಾರು 1,000 ಪಟ್ಟು ಭಾರದ, 1,300ಕ್ಕೂ ಹೆಚ್ಚು ಅಮೈನೋ ಆಮ್ಲಗಳಿಂದ ಹೆಣೆದ ಪ್ರೋಟೀನು. ಅದನ್ನು ಜೋಡಿಸುವುದು ಮನುಷ್ಯರಲ್ಲ. ಚೀನೀ ಹ್ಯಾಮ್‌ಸ್ಟರ್ ಎಂಬ ಪುಟ್ಟ ಪ್ರಾಣಿಯ ಅಂಡಾಶಯದಿಂದ 1957ರಲ್ಲಿ ಬೇರ್ಪಡಿಸಿ, ಅಂದಿನಿಂದ ಪೀಳಿಗೆಯ ಮೇಲೆ ಪೀಳಿಗೆ ಬೆಳೆಸಿಕೊಂಡು ಬಂದಿರುವ ಜೀವಕೋಶಗಳು. ಅಮೈನೋ ಆಮ್ಲಗಳ ಕ್ರಮ ಎಲ್ಲರಿಗೂ ಲಭ್ಯವಿದೆ. ಆದರೆ ಆ ಕೋಶಗಳು ಪ್ರೋಟೀನಿಗೆ ಸಕ್ಕರೆಯ ಕಿರುಸರಪಳಿಗಳನ್ನೂ ಪೋಣಿಸುತ್ತವೆ, ಮತ್ತು ಯಾವ ಅಣುವಿಗೆ ಎಂತಹ ಸರಪಳಿ ಬೀಳುತ್ತದೆಂಬುದನ್ನು ಆ ಕ್ರಮ ಹೇಳುವುದಿಲ್ಲ. ಈ ಕೋಶಗಳನ್ನು ಬೆಳೆಸುವ ತೊಟ್ಟಿಯಾದ ಬಯೋರಿಯಾಕ್ಟರಿನ ಉಷ್ಣತೆ, ಆಮ್ಲೀಯತೆ, ಅದರಲ್ಲಿ ಸೇರಿಕೊಳ್ಳುವ ಅಮೋನಿಯಾ, ಪೋಷಕ ದ್ರವದಲ್ಲಿರುವ ಲವಲೇಶ ಮ್ಯಾಂಗನೀಸ್ ಕೂಡ ಅದನ್ನು ಬದಲಿಸಬಲ್ಲವು. ಒಂದೇ ಹಾಲಿಗೆ ಒಂದೇ ಹೆಪ್ಪು ಹಾಕಿದರೂ ಬೇಸಿಗೆಯ ಮೊಸರಿನ ಹದ ಮಳೆಗಾಲದಲ್ಲಿ ಬರುವುದಿಲ್ಲವೆಂಬುದನ್ನು ಬಲ್ಲವರಿಗೆ ಇದು ಹೊಸದೇನಲ್ಲ. ಆದರೆ ಇಲ್ಲಿ ಹದ ತಪ್ಪಿದರೆ ಪರಿಣಾಮ ರೋಗಿಯ ಮೇಲಾಗುತ್ತದೆ: ಸರಪಳಿಯಲ್ಲಿ ಫ್ಯೂಕೋಸ್ ಎಂಬ ಒಂದೇ ಒಂದು ಸಕ್ಕರೆ ಇದೆಯೋ ಇಲ್ಲವೋ ಎಂಬುದರಿಂದಲೇ ದೇಹದ ರಕ್ಷಕ ಕೋಶಗಳು ಕ್ಯಾನ್ಸರ್ ಕೋಶವನ್ನು ಕೊಲ್ಲುವ ಬಲ ಹೆಚ್ಚುಕಡಿಮೆಯಾಗುತ್ತದೆ.

2 ಲೀಟರಿನ ಬಯೋರಿಯಾಕ್ಟರಿನಲ್ಲಿ ಸಾಧಿಸಿದ ಹದ 10,000 ಲೀಟರಿನದರಲ್ಲಿ ತಾನಾಗಿ ಬರುವುದಿಲ್ಲ. ಈ ಕೋಶಗಳಿಗೆ ಯೀಸ್ಟಿನಂತೆ ಗಟ್ಟಿಯಾದ ಗೋಡೆಯಿಲ್ಲ. ಅವು ಬದುಕಲು ಆಮ್ಲಜನಕವನ್ನು ಗುಳ್ಳೆಗಳಾಗಿ ಬಿಡಬೇಕು. ಆ ಗುಳ್ಳೆ ಮೇಲಕ್ಕೆ ಬಂದು ಒಡೆಯುವ ಕ್ಷಣದಲ್ಲಿ ಅದಕ್ಕೆ ಅಂಟಿಕೊಂಡ ಕೋಶಗಳು ಹರಿದು ಸಾಯುತ್ತವೆ. ಅಂಟದಿರಲೆಂದು ಪೋಲೋಕ್ಸಾಮರ್ ಎಂಬ ವಸ್ತುವನ್ನು ಬೆರೆಸುತ್ತಾರೆ. ಅದರ ಒಂದು ಲಾಟಿನ ಗುಣ ಸ್ವಲ್ಪ ಕಡಿಮೆಯಾದರೂ ಇಡೀ ಬ್ಯಾಚ್ ಸೊರಗಬಹುದು. 1980ರ ದಶಕದಲ್ಲಿ ಲೀಟರಿಗೆ ಹತ್ತಾರು ಮಿಲಿಗ್ರಾಂ ಪ್ರೋಟೀನು ಸಿಗುತ್ತಿದ್ದಲ್ಲಿ ಇಂದು 3ರಿಂದ 5 ಗ್ರಾಂ ಸಿಗುತ್ತಿದ್ದರೆ, ಅದರ ಹಿಂದಿರುವುದು ಉತ್ತಮ ಸೆಲ್ ಲೈನ್ (ಒಂದೇ ಕೋಶದಿಂದ ಬೆಳೆಸಿದ ಕೋಶಗಳ ವಂಶ) ಆಯ್ಕೆ, ಆಹಾರ ಉಣಿಸುವ ಕ್ರಮ ಮತ್ತು ಇಂತಹ ನೂರಾರು ಸಣ್ಣ ತಿದ್ದುಪಡಿಗಳ ದುಡಿಮೆ.

ಮೂಲ ಕಂಪನಿಯ ಸೆಲ್ ಲೈನ್ ಬೇರೆಯವರಿಗೆ ಸಿಗುವುದಿಲ್ಲ. ಪ್ರತಿಯೊಬ್ಬರೂ ತಮ್ಮದೇ ಆದ ಸೆಲ್ ಲೈನ್ ಕಟ್ಟಿಕೊಂಡು, ಮೂಲ ಔಷಧದ ಬಾಟಲಿಗಳನ್ನು ಅಳೆದು ಅಳೆದು ಅದರ ಹತ್ತಿರಕ್ಕೆ ಬರಬೇಕು. ಬೆಂಗಳೂರಿನ ಬಯೋಕಾನ್ ಕಂಪನಿಯು ಮೈಲಾನ್ ಎಂಬ ವಿದೇಶಿ ಔಷಧ ಕಂಪನಿಯ ಜೊತೆಗೂಡಿ ಅಭಿವೃದ್ಧಿಪಡಿಸಿದ ಟ್ರಾಸ್ಟುಜುಮಾಬ್ ಈ ದಾರಿಯಲ್ಲೇ 2014ರಲ್ಲಿ ಭಾರತದ ಮಾರುಕಟ್ಟೆಗೆ ಬಂತು; 2017ರ ಡಿಸೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಅನುಮೋದಿಸಿದಾಗ ಅದು ಆ ದೇಶದಲ್ಲಿ ಈ ಔಷಧದ ಮೊದಲ ಬಯೋಸಿಮಿಲರ್ (ಮೂಲ ಜೈವಿಕ ಔಷಧವನ್ನು ಅತಿ ಹತ್ತಿರದಿಂದ ಹೋಲುವ ಔಷಧ) ಆಯಿತು. ಇದನ್ನು ‘ಕಾಪಿ’ ಎನ್ನುವವರು ಅದರ ಹಿಂದಿನ ಶ್ರಮವನ್ನು ಅರಿಯರು.

ಮೂಲ ಔಷಧವಾದರೂ ಸದಾ ಒಂದೇ ರೀತಿ ಇರುತ್ತದೆಯೇ? ಇದನ್ನು ನನಗೆ ಯಾರೂ ಕೇಳಿಲ್ಲ, ಕೇಳಬೇಕಿತ್ತು. ಇರುವುದಿಲ್ಲ. 2018, 2019ರಲ್ಲಿ ಅವಧಿ ಮುಗಿಯಬೇಕಿದ್ದ ಮೂಲ ಟ್ರಾಸ್ಟುಜುಮಾಬ್‌ನ ಕೆಲವು ಬ್ಯಾಚುಗಳಲ್ಲಿ ಸಕ್ಕರೆ ಸರಪಳಿಗಳು ಬದಲಾಗಿ, ಪ್ರಯೋಗಾಲಯದ ಪರೀಕ್ಷೆಯಲ್ಲಿ ಕೋಶ ಕೊಲ್ಲುವ ಬಲ ಕುಂದಿದ್ದನ್ನು ಗಮನಿಸಿದವರು ಬಯೋಸಿಮಿಲರ್ ತಯಾರಿಸಲು ಆ ಬಾಟಲಿಗಳನ್ನು ವರ್ಷಗಟ್ಟಲೆ ಅಳೆಯುತ್ತಿದ್ದ ವಿಜ್ಞಾನಿಗಳೇ. ತಯಾರಿಕೆಯ ವಿಧಾನ ಬದಲಿಸಿದಾಗ ಹಿಂದಿನ ಮತ್ತು ಹೊಸ ಉತ್ಪನ್ನವನ್ನು ಹೋಲಿಸಿ ತೋರಿಸಬೇಕೆಂಬ ಅಂತರರಾಷ್ಟ್ರೀಯ ಮಾರ್ಗಸೂಚಿ 2004ರಿಂದ ಇದೆ. ನೀವು ಅಥವಾ ನಿಮ್ಮ ಮನೆಯವರು ಇಂತಹ ಚುಚ್ಚುಮದ್ದು ಪಡೆಯುತ್ತಿದ್ದರೆ, ಬ್ರ್ಯಾಂಡ್ ಹೆಸರಿನೊಡನೆ ಬ್ಯಾಚ್ ಸಂಖ್ಯೆಯನ್ನೂ ಪ್ರತಿ ಸಲ ಚಿಕಿತ್ಸೆಯ ಕಡತದಲ್ಲಿ ಬರೆಸಿಕೊಳ್ಳಿ.