ಊರಿಗೆ ಜ್ವರ ಬಂದಾಗ ಡಾಕ್ಟರು ಯಾರು?

ಹೋಮಿಯೋಪತಿ ಓದಿದವರು ಅಲೋಪತಿ ಗುಳಿಗೆ ಬರೆದುಕೊಡಬಹುದಾ? ಮಹಾರಾಷ್ಟ್ರದಲ್ಲಿ ಈ ಜಗಳ 2025ರಲ್ಲಿ ಬೀದಿಗೆ ಬಂತು. ಒಂದು ವರ್ಷದ ಅಲೋಪತಿ ಔಷಧಶಾಸ್ತ್ರದ ಕೋರ್ಸ್ ಮುಗಿಸಿದ ಹೋಮಿಯೋಪತಿ ವೈದ್ಯರ ಹೆಸರನ್ನು ರಾಜ್ಯದ ಮೆಡಿಕಲ್ ಕೌನ್ಸಿಲ್ ದಾಖಲಿಸಿಕೊಳ್ಳಬೇಕೋ ಬೇಡವೋ ಅನ್ನುವುದು ತಕರಾರು. ಸೆಪ್ಟೆಂಬರಿನಲ್ಲಿ ಅಲೋಪತಿ ಡಾಕ್ಟರುಗಳು ಒಂದು ದಿನ ಮುಷ್ಕರ ಹೂಡಿದರು. ಮುಂಬೈಯ ಚಾಳುಗಳಲ್ಲಿರುವ ನಮ್ಮ ಕನ್ನಡದ ಮಂದಿಗೆ ಇದೆಲ್ಲ ಸ್ವಲ್ಪ ದೂರದ ಮಾತು. ಓಣಿಯ ದವಾಖಾನೆಯ ಬೋರ್ಡಿನಲ್ಲಿ ಯಾವ ಡಿಗ್ರಿ ಇದೆ ಅಂತ ಓದಿ ಒಳಗೆ ಹೋಗುವವರು ಎಷ್ಟು ಜನ?

ಯಾರನ್ನು ಡಾಕ್ಟರು ಅಂತ ನಂಬಬೇಕು ಅನ್ನುವ ಈ ಗಂಟು ಬಿದ್ದದ್ದು ಇಂದು ನಿನ್ನೆಯಲ್ಲ. 1896ರ ಸೆಪ್ಟೆಂಬರಿನಲ್ಲಿ ಮುಂಬೈಯ ಮಾಂಡವಿಯಲ್ಲಿ ರೋಗಿಗಳನ್ನು ನೋಡಿದ ಗೋವಾ ಮೂಲದ ಡಾ. ಅಕಾಸಿಯೊ ವೀಗಸ್, ಇದು ಪ್ಲೇಗು ಎಂದರು. ಮುಂದಿನ ವರ್ಷ ಸರ್ಕಾರ ಸಾಂಕ್ರಾಮಿಕ ರೋಗಗಳ ಕಾಯ್ದೆ ತಂದಿತು. ಮನೆ ಹೊಕ್ಕು ಹುಡುಕುವುದು, ರೋಗಿಯನ್ನು ಎಳೆದೊಯ್ಯುವುದು, ರೈಲ್ವೆ ಸ್ಟೇಷನ್ನಿನಲ್ಲಿ ಹೆಂಗಸರ ಮೈ ಮುಟ್ಟಿ ನೋಡುವುದು, ಎಲ್ಲಕ್ಕೂ ದಾರಿಯಾಯಿತು. ಪುಣೆಯಲ್ಲಿ ಸೈನಿಕರೇ ಈ ಕೆಲಸಕ್ಕೆ ಇಳಿದರು. 1897ರ ಜೂನ್ 22ರಂದು ಅಲ್ಲಿನ ಪ್ಲೇಗ್ ಅಧಿಕಾರಿ ರ‍್ಯಾಂಡ್ ಮೇಲೆ ಗುಂಡು ಹಾರಿತು. ಅದೇ ಪುಣೆಯಲ್ಲಿ, ಅದೇ ವರ್ಷದ ಮಾರ್ಚಿನಲ್ಲಿ, ರೋಗಿಗಳ ಆರೈಕೆಗೆ ನಿಂತಿದ್ದ ಸಾವಿತ್ರಿಬಾಯಿ ಫುಲೆ ಪ್ಲೇಗಿಗೆ ಬಲಿಯಾಗಿದ್ದರು.

ಮುಂಬೈಯಲ್ಲಿ ಕಾಯ್ದೆ ಬರುವ ಮೊದಲೇ, 1896ರ ಅಕ್ಟೋಬರಿನಲ್ಲಿ, ಗಿರಣಿ ಕಾರ್ಮಿಕರು ಆರ್ಥರ್ ರೋಡ್ ಆಸ್ಪತ್ರೆಯ ಮೇಲೆ ನುಗ್ಗಿದ್ದರು. ಆಸ್ಪತ್ರೆಯಲ್ಲಿ ಜನರನ್ನು ಕೊಲ್ಲುತ್ತಾರೆ, ಹೆಣದಿಂದ ಎಣ್ಣೆ ತೆಗೆಯುತ್ತಾರೆ ಅನ್ನುವ ಮಾತು ಹಬ್ಬಿತ್ತು. ಅಧಿಕಾರಿಗಳ ಕಣ್ಣಿಗೆ ಇದು ಬರೀ ಮೂಢನಂಬಿಕೆ. ಮಾನವಶಾಸ್ತ್ರದವರು ಬೇರೆ ಪ್ರಶ್ನೆ ಕೇಳುತ್ತಾರೆ: ಅಂದು ಆಸ್ಪತ್ರೆಯಲ್ಲಿ ಪ್ಲೇಗಿಗೆ ಮದ್ದು ಇತ್ತಾ? ಇರಲಿಲ್ಲ. ಪ್ಲೇಗನ್ನು ವಾಸಿ ಮಾಡುವ ಸ್ಟ್ರೆಪ್ಟೊಮೈಸಿನ್ ಬಂದದ್ದು 1940ರ ದಶಕದಲ್ಲಿ. ವಾಸಿ ಮಾಡಲಾಗದ ಜಾಗಕ್ಕೆ, ಮನೆಯವರಿಲ್ಲದೆ, ಯಾರೋ ಮಾಡಿದ ಅಡುಗೆ ತಿಂದು ಸಾಯಲು ಯಾರು ಹೋಗುತ್ತಾರೆ? ಜೈನರು, ಪಾರ್ಸಿಗಳು, ಇನ್ನೂ ಹಲವು ಸಮುದಾಯದವರು ತಮ್ಮದೇ ಪ್ಲೇಗ್ ಆಸ್ಪತ್ರೆ ತೆರೆದಾಗ ಜನ ಅಲ್ಲಿಗೆ ಹೋದರು. ರೋಗ ಅದೇ. ಹತ್ತಿರ ಕೂರಲು ತಮ್ಮವರು ಇದ್ದರು, ಅಷ್ಟೇ ವ್ಯತ್ಯಾಸ.

ಲಸಿಕೆಯ ಕಥೆಯೂ ಇದಕ್ಕೆ ಸೇರಿದ್ದೇ. ಪ್ಲೇಗಿನ ಲಸಿಕೆ ತಯಾರಿಸಿದ ವಿಜ್ಞಾನಿ ಹಾಫ್‌ಕಿನ್ 1897ರ ಜನವರಿಯಲ್ಲಿ ಮುಂಬೈಯಲ್ಲಿ ತಾನೇ ಮೊದಲು ಸೂಜಿ ಚುಚ್ಚಿಸಿಕೊಂಡರು. ಆಗ ಮುಂಬೈ ಪ್ರಾಂತ್ಯದಲ್ಲಿದ್ದ ನಮ್ಮ ಹುಬ್ಬಳ್ಳಿಯಲ್ಲಿ 1898ರಲ್ಲಿ ಸಾವಿರಾರು ಜನ ಲಸಿಕೆ ಹಾಕಿಸಿಕೊಂಡರು. ಹಳ್ಳಿಯವರಿಗೆ ಹೊಸ ಮದ್ದು ಅಂದರೆ ಭಯ ಅನ್ನುವವರು ಈ ಊರನ್ನು ಸುಮ್ನೆ ಮರೆತುಬಿಡುತ್ತಾರೆ.

ಆಮೇಲಿನದ್ದು ಕಾಗದದ ಕಥೆ. 1912ರ ಮುಂಬೈ ಕಾಯ್ದೆಯಲ್ಲಿ ಪಾಶ್ಚಾತ್ಯ ವೈದ್ಯ ಓದಿದವರಿಗೆ ರಿಜಿಸ್ಟರ್ ಬಂತು. 1938ರ ಕಾಯ್ದೆ ಆಯುರ್ವೇದದ ವೈದ್ಯರನ್ನೂ ಯುನಾನಿಯ ಹಕೀಮರನ್ನೂ ದಾಖಲೆಗೆ ತಂದಿತು. 1970ರ ದಶಕದಲ್ಲಿ ಅಮೆರಿಕದ ಮಾನವಶಾಸ್ತ್ರಜ್ಞ ಚಾರ್ಲ್ಸ್ ಲೆಸ್ಲಿ, ಏಷ್ಯಾದಲ್ಲಿ ಹಲವು ವೈದ್ಯಪದ್ಧತಿಗಳು ಒಟ್ಟಿಗೇ ಬದುಕಿರುವುದನ್ನು ಅಭ್ಯಾಸದ ವಿಷಯವಾಗಿಸಿದರು. ನಮ್ಮ ಮನೆಗಳಲ್ಲಿ ಅದು ಮೊದಲೇ ಗೊತ್ತಿತ್ತು ಬಿಡಿ. ಕಷಾಯ, ಕ್ರೋಸಿನ್, ಹರಕೆ ಮೂರೂ ಒಂದೇ ದಿನ ನಡೆಯುತ್ತವೆ. 1996ರಲ್ಲಿ ಸುಪ್ರೀಂ ಕೋರ್ಟ್ ಮುಂಬೈಯದೇ ಒಂದು ಪ್ರಕರಣದಲ್ಲಿ, ಹೋಮಿಯೋಪತಿ ವೈದ್ಯರು ಅಲೋಪತಿ ಔಷಧ ಕೊಟ್ಟದ್ದು ನಿರ್ಲಕ್ಷ್ಯ ಎಂದಿತು. ಆ ರೋಗಿ ಬದುಕಿ ಉಳಿದಿರಲಿಲ್ಲ. 2014ರಲ್ಲಿ ರಾಜ್ಯ ಕಾನೂನು ತಿದ್ದಿ, ಕೋರ್ಸ್ ಮಾಡಿದವರಿಗೆ ಬಾಗಿಲು ತೆರೆಯಿತು.

ನಂತರ ಕೋವಿಡ್. 1897ರ ಕಾಯ್ದೆ ಮತ್ತೆ ಜಾರಿಗೆ ಬಂತು. 2020ರ ಏಪ್ರಿಲ್ 1ರಂದು ಧಾರಾವಿಯಲ್ಲಿ ಮೊದಲ ಸೋಂಕು ಪತ್ತೆಯಾಯಿತು. ಅಲ್ಲಿನ ಖಾಸಗಿ ಡಾಕ್ಟರುಗಳನ್ನು ಪಾಲಿಕೆ ತಪಾಸಣೆಗೆ ಜೊತೆ ಸೇರಿಸಿಕೊಂಡಿತು. ಇಂಥ ಬಸ್ತಿಗಳಲ್ಲಿ ಆಯುರ್ವೇದ, ಯುನಾನಿ, ಹೋಮಿಯೋಪತಿ ಓದಿ ದವಾಖಾನೆ ನಡೆಸುವವರು ಜಾಸ್ತಿ. ಮನೆಯವರ ಹೆಸರು ಹಿಡಿದು ಕರೆಯಬಲ್ಲ ಡಾಕ್ಟರು ಕದ ತಟ್ಟಿದರೆ ಕದ ತೆರೆಯುತ್ತದೆ, ಅಲ್ವಾ? ಆದರೆ ನಂಬಿಕೆ ಇದ್ದ ಮಾತ್ರಕ್ಕೆ ಮದ್ದು ಕೆಲಸ ಮಾಡುವುದಿಲ್ಲ. ಆಗ ಹಂಚಿದ ಹೋಮಿಯೋಪತಿ ಮದ್ದು ಆರ್ಸೆನಿಕಮ್ ಆಲ್ಬಮ್ 30 ಕೋವಿಡ್ ತಡೆಯುತ್ತದೆ ಅನ್ನಲು ಗಟ್ಟಿ ಪುರಾವೆ ಇರಲಿಲ್ಲ. ಡಾಕ್ಟರ ಮೇಲಿನ ನಂಬಿಕೆ, ಮದ್ದಿಗೆ ಬೇಕಾದ ಪುರಾವೆ, ಈ ಎರಡು ಮಾತನ್ನು ಬೇರೆ ಬೇರೆ ಇಟ್ಟು ನೋಡದೆ ಇದ್ದದ್ದರಿಂದಲೇ ಈಗಿನ ಜಗಳ ಇಷ್ಟು ಸಿಕ್ಕಾಗಿದೆ.

ಕಾನೂನು ತಿದ್ದಿದ ಅದೇ 2014ರಲ್ಲಿ ರಾಜ್ಯದ 108 ಆಂಬುಲೆನ್ಸ್ ಸೇವೆಯೂ ಶುರುವಾಯಿತು. ಎದೆನೋವು ಅಂತ ಕರೆದಾಗ ಅದರಲ್ಲಿ ಬರುವ ಡಾಕ್ಟರು ಹೆಚ್ಚಾಗಿ ಎಂಬಿಬಿಎಸ್ ಅಲ್ಲ, ಆಯುರ್ವೇದದ ಬಿಎಎಂಎಸ್ ಇಲ್ಲವೇ ಹೋಮಿಯೋಪತಿಯ ಬಿಎಚ್ಎಂಎಸ್ ಓದಿದವರು.