ಪಾಸ್‌ವರ್ಡ್ ಬದಲಿಸುವ ಮೊದಲು

ಮಳೆಗಾಲದಲ್ಲಿ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಕರೆಂಟ್ ಹೋಗಿ ಬರುವುದು ಮಾಮೂಲು. ಬಂದ ಕೂಡಲೇ ಸಹಕಾರ ಸಂಘದಿಂದಲೋ ಅಡಿಕೆ ಮಂಡಿಯಿಂದಲೋ ಮೇಲ್ ಸರ್ವರ್ ನೋಡಿಕೊಳ್ಳುವವರಿಗೆ ಫೋನು: ‘ಸರ್, ಮೇಲ್ ಪಾಸ್‌ವರ್ಡ್ ತಗೊಳ್ತಾ ಇಲ್ಲ, ಬೇರೆ ಹಾಕಿಕೊಡಿ.’ ಹಾಗೆ ಹಾಕಿಕೊಟ್ಟರೆ ಒಂದು ತೊಂದರೆ ಮೂರಾಗುತ್ತದೆ. ಹಳೆಯ ಪಾಸ್‌ವರ್ಡ್ ಕಾರ್ಯದರ್ಶಿಯವರ ಮೊಬೈಲಿನಲ್ಲಿದೆ, ಲೆಕ್ಕದ ಕೋಣೆಯ ಕಂಪ್ಯೂಟರಿನಲ್ಲಿದೆ, ಕಾಗದ ಸ್ಕ್ಯಾನ್ ಮಾಡಿ ಮೇಲ್ ಕಳಿಸುವ ಯಂತ್ರದಲ್ಲೂ ಇದೆ. ಇಂದಿನಿಂದ ಆ ಮೂರೂ ತಪ್ಪು ಪಾಸ್‌ವರ್ಡ್ ಹಿಡಿದು ಸರ್ವರಿನ ಬಾಗಿಲು ಬಡಿಯುತ್ತವೆ.

ಆದ್ದರಿಂದ ಪಾಸ್‌ವರ್ಡಿಗೆ ಕೈಹಾಕುವ ಮೊದಲು ಸರ್ವರ್ ಏನು ಉತ್ತರ ಕೊಟ್ಟಿತು ಎಂದು ನೋಡಬೇಕು. 535 ಎಂದು ಬಂದಿದ್ದರೆ ಬಳಕೆದಾರರ ಹೆಸರು ಅಥವಾ ಪಾಸ್‌ವರ್ಡ್ ಒಪ್ಪಿಗೆಯಾಗಿಲ್ಲ. 454 ಬಂದರೆ ದೃಢೀಕರಣದ ವ್ಯವಸ್ಥೆಯೇ ತಾತ್ಕಾಲಿಕವಾಗಿ ಕೆಟ್ಟಿದೆ, ಬಳಕೆದಾರರ ತಪ್ಪಿಲ್ಲ. 530 ಎಂದರೆ ಲಾಗಿನ್ ಆಗದೆಯೇ ಮೇಲ್ ಕಳಿಸಲು ಹೊರಟಿದ್ದಾರೆ ಅಥವಾ ಟಿಎಲ್‌ಎಸ್ (ಸಂಪರ್ಕವನ್ನು ಗುಪ್ತವಾಗಿಸುವ ಪದ್ಧತಿ) ಶುರುಮಾಡಿಲ್ಲ. 553 ಬಂದರೆ ಲಾಗಿನ್ ಸರಿಯಾಗಿದ್ದರೂ ‘ಇಂದ’ ಎಂಬಲ್ಲಿ ಹಾಕಿದ ವಿಳಾಸ ಆ ಖಾತೆಯದ್ದಲ್ಲದಿರಬಹುದು. ಯಾವ ಸಂಖ್ಯೆಯೂ ಬಾರದೆ ಸುಮ್ಮನೆ ಕಾಯುತ್ತಿದ್ದರೆ ಪಾಸ್‌ವರ್ಡ್ ಸರ್ವರನ್ನು ಮುಟ್ಟಿಯೇ ಇಲ್ಲ. ಮೇಲ್ ಆ್ಯಪ್‌ಗಳು ಇವುಗಳಲ್ಲಿ ಎಷ್ಟನ್ನೋ ‘ಪಾಸ್‌ವರ್ಡ್ ಸರಿಯಿಲ್ಲ’ ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತವೆ. ಅದನ್ನು ನಂಬಬೇಡಿ.

ಸಣ್ಣ ಕಚೇರಿಗಳಲ್ಲಿ ಸಾಮಾನ್ಯವಾಗಿ ಮೇಲ್ ಕಳಿಸುವ ಪೋಸ್ಟ್‌ಫಿಕ್ಸ್ ಮತ್ತು ಪತ್ರಪೆಟ್ಟಿಗೆ ನೋಡಿಕೊಳ್ಳುವ ಡವ್‌ಕಾಟ್ ಎಂಬ ತಂತ್ರಾಂಶಗಳ ಜೋಡಿ ಇರುತ್ತದೆ. ಪಾಸ್‌ವರ್ಡ್ ತಾಳೆ ನೋಡುವುದು ಡವ್‌ಕಾಟ್, ಮೇಲ್ ಕಳಿಸುವಾಗ ಪೋಸ್ಟ್‌ಫಿಕ್ಸ್ ಅದನ್ನೇ ಕೇಳುತ್ತದೆ. ಪರೀಕ್ಷೆ ಒಳಗಿನಿಂದ ಶುರುವಾಗಲಿ. ಸರ್ವರಿನಲ್ಲೇ ಕುಳಿತು ‘ಡವ್‌ಅಡ್ಮ್ ಆಥ್ ಟೆಸ್ಟ್’ (doveadm auth test) ಎಂದು ಬರೆದು ಮುಂದೆ ಖಾತೆಯ ಹೆಸರಷ್ಟೇ ಕೊಡಿ. ಪಾಸ್‌ವರ್ಡನ್ನು ಅದೇ ಕೇಳುತ್ತದೆ. ಅದೇ ಸಾಲಿನಲ್ಲಿ ಪಾಸ್‌ವರ್ಡ್ ಬರೆದರೆ ಅದು ಆಜ್ಞೆಗಳನ್ನು ಬರೆಯುವ ಶೆಲ್ಲಿನ ಇತಿಹಾಸದಲ್ಲಿ ಉಳಿದುಬಿಡುತ್ತದೆ. ಪೂರ್ತಿ ವಿಳಾಸ ಕೊಟ್ಟು ಒಮ್ಮೆ, @ ಗುರುತಿನ ಹಿಂದಿನ ಭಾಗವನ್ನಷ್ಟೇ ಕೊಟ್ಟು ಒಮ್ಮೆ ನೋಡಿ. ಒಂದಕ್ಕೆ ಒಪ್ಪಿ ಇನ್ನೊಂದಕ್ಕೆ ಒಪ್ಪದಿದ್ದರೆ ಬಳಕೆದಾರರು ಹೆಸರನ್ನು ಅರ್ಧ ಬರೆದಿರುವ ಸಾಧ್ಯತೆಯೇ ಹೆಚ್ಚು.

ಈ ಪರೀಕ್ಷೆ ಪಾಸ್‌ವರ್ಡನ್ನಷ್ಟೇ ನೋಡುತ್ತದೆ. ಪತ್ರಪೆಟ್ಟಿಗೆ ಎಲ್ಲಿದೆ, ಅದರ ಒಡೆತನ ಯಾರದ್ದು ಎಂಬುದು ಬೇರೆ ಹುಡುಕಾಟ, ಅದಕ್ಕೆ ‘ಡವ್‌ಅಡ್ಮ್ ಯೂಸರ್’ ಇದೆ. ಮೇಲ್ ಹೋಗುತ್ತಿದೆ ಆದರೆ ಬರುತ್ತಿಲ್ಲ ಎಂಬ ದೂರಿಗೆ ಎಷ್ಟೋ ಸಲ ಕಾರಣ ಇಲ್ಲೇ ಸಿಗುತ್ತದೆ. ಕಳಿಸಲು ಮೊದಲನೆಯದೊಂದೇ ಸಾಕು, ಪೆಟ್ಟಿಗೆ ತೆರೆಯಲು ಎರಡೂ ಬೇಕು.

ಒಳಗೆ ಎಲ್ಲ ಸರಿಯಿದ್ದು ಕಳಿಸುವಾಗ ಮಾತ್ರ ತಡೆಯಾದರೆ ಪೋಸ್ಟ್‌ಫಿಕ್ಸ್ ಮತ್ತು ಡವ್‌ಕಾಟ್ ತಮ್ಮೊಳಗೆ ಮಾತಾಡಿಕೊಳ್ಳುವ ಸಾಕೆಟ್ ಫೈಲ್ ನೋಡಿ. ಪೋಸ್ಟ್‌ಫಿಕ್ಸ್ ಸಾಮಾನ್ಯವಾಗಿ ತನ್ನ ಸ್ಪೂಲ್ ಫೋಲ್ಡರಿನ (ಕಳಿಸಬೇಕಾದ ಮೇಲ್ ಇಡುವ ಜಾಗ) ಒಳಗಿನ ‘ಪ್ರೈವೇಟ್’ ಫೋಲ್ಡರಿನಲ್ಲಿ ‘ಆಥ್’ ಎಂಬ ಸಾಕೆಟ್ ಹುಡುಕುತ್ತದೆ. ಡವ್‌ಕಾಟ್ ಅದನ್ನು ಬೇರೆಡೆ ಇಟ್ಟಿದ್ದರೆ ಸರ್ವರಿನ ದಾಖಲೆ ಫೈಲಿನಲ್ಲಿ (ಲಾಗ್) ‘ಅಂಥ ಫೈಲ್ ಇಲ್ಲ’ ಎಂಬ ಸಾಲು ಬೀಳುತ್ತದೆ. ಫೈಲ್ ಇದ್ದೂ ಅನುಮತಿ ಇಲ್ಲ ಎಂದರೆ ಅದರ ಒಡೆತನ ಪೋಸ್ಟ್‌ಫಿಕ್ಸ್ ಬಳಕೆದಾರನಿಗೆ, ಅನುಮತಿ 0660 ಆಗಿರಲಿ.

ಇನ್ನು ಹೊರಗಿನಿಂದ. ಟಿಎಲ್‌ಎಸ್ ಸಂಪರ್ಕ ಪರೀಕ್ಷಿಸಲು ಬರುವ ಓಪನ್‌ಎಸ್‌ಎಸ್‌ಎಲ್‌ನ ‘ಎಸ್_ಕ್ಲೈಂಟ್’ (s_client) ಮೂಲಕ 587ನೇ ಪೋರ್ಟಿಗೆ ಸ್ಟಾರ್ಟ್‌ಟಿಎಲ್‌ಎಸ್ (ಸಾದಾ ಸಂಪರ್ಕವನ್ನು ಟಿಎಲ್‌ಎಸ್‌ಗೆ ಬದಲಿಸುವ ಆಜ್ಞೆ) ಹಾಕಿ, ಇಲ್ಲವೇ 465ಕ್ಕೆ ನೇರವಾಗಿ ಸಂಪರ್ಕಿಸಿ ‘ಆಥ್ ಪ್ಲೇನ್’ (AUTH PLAIN) ಎಂಬ ಲಾಗಿನ್ ಆಜ್ಞೆ ಪ್ರಯತ್ನಿಸಿ. ಅದಕ್ಕೆ ಕೊಡಬೇಕಾದ್ದು ಒಂದು ಶೂನ್ಯ ಬೈಟ್, ಬಳಕೆದಾರ ಹೆಸರು, ಮತ್ತೊಂದು ಶೂನ್ಯ ಬೈಟ್, ಪಾಸ್‌ವರ್ಡ್, ಇಷ್ಟನ್ನೂ ಸೇರಿಸಿ ಅಕ್ಷರ-ಅಂಕಿಗಳಾಗಿ ಬರೆದ ಬೇಸ್64 ರೂಪ. ಹೆಸರು ಸಣ್ಣಕ್ಷರದಿಂದ ಶುರುವಾದರೆ ಈ ಸಾಲಿನ ಮೊದಲೆರಡು ಅಕ್ಷರ AG ಅಥವಾ AH ಆಗಿಯೇ ಇರುತ್ತದೆ. ಬೇರೆ ಬಂದರೆ ಮೊದಲ ಶೂನ್ಯ ಬೈಟ್ ಬಿಟ್ಟುಹೋಗಿದೆ. ಈ ಸಾಲನ್ನು ‘ಎಕೋ’ (echo) ಆಜ್ಞೆಯಿಂದ ತಯಾರಿಸಿದರೆ ಕೊನೆಗೊಂದು ಹೊಸಸಾಲಿನ ಗುರುತು ಸೇರಿಕೊಂಡು ಸರಿಯಾದ ಪಾಸ್‌ವರ್ಡೂ ತಪ್ಪಾಗುತ್ತದೆ, ‘ಪ್ರಿಂಟ್‌ಎಫ್’ ಬಳಸಿ. ಪಾಸ್‌ವರ್ಡಿನಲ್ಲಿ % ಚಿಹ್ನೆ ಇದ್ದರೆ ಪ್ರಿಂಟ್‌ಎಫ್‌ಗೂ ಎರಡೆರಡು % ಬರೆಯಬೇಕು. ಉತ್ತರ 235 ಬಂದರೆ ಗೆದ್ದಂತೆ. ಮುಂದುವರಿದು ಮೇಲ್ ಕಳಿಸುವುದಾದರೆ ಪಡೆಯುವವರ ವಿಳಾಸ ಹೇಳುವ ‘ಆರ್‌ಸಿಪಿಟಿ’ (RCPT) ಆಜ್ಞೆಯನ್ನು ಸಣ್ಣಕ್ಷರದಲ್ಲಿ ಬರೆಯಿರಿ. ಸಾಲಿನ ಶುರುವಿನಲ್ಲಿ ದೊಡ್ಡ ‘ಆರ್’ ಕಂಡರೆ ಎಸ್_ಕ್ಲೈಂಟ್ ಅದನ್ನು ತನಗೆ ಕೊಟ್ಟ ಆಜ್ಞೆ ಎಂದುಕೊಳ್ಳುತ್ತದೆ. ಬೇಸ್64 ಎಂದರೆ ಗುಪ್ತಲಿಪಿಯಲ್ಲ, ಯಾರು ಬೇಕಾದರೂ ಬಿಡಿಸಿ ಓದಬಹುದು. ಆ ಸಾಲಿರುವ ಪರದೆಯ ಚಿತ್ರವನ್ನು ದಯವಿಟ್ಟು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಡಿ.

ಮಲೆನಾಡಿನ ಕಚೇರಿಗಳಲ್ಲಿ ಹೆಚ್ಚು ಗಮನ ಕೊಡಬೇಕಾದ್ದು ಸ್ಕ್ಯಾನರಿಗೆ. ಕರೆಂಟ್ ಬಂದಾಗ ಅದು ಎದ್ದು, ಬಾಕಿ ಉಳಿದ ಕಾಗದವನ್ನು ಹಳೆಯ ಪಾಸ್‌ವರ್ಡಿನಿಂದ ಕಳಿಸಲು ನೋಡುತ್ತದೆ. ಪದೇ ಪದೇ ತಪ್ಪು ಲಾಗಿನ್ ಮಾಡುವವರನ್ನು ತಡೆಯುವ ಫೇಲ್‌ಟುಬ್ಯಾನ್ ತಂತ್ರಾಂಶದ ಮೂಲ ಹೊಂದಿಕೆಯಲ್ಲಿ 10 ನಿಮಿಷದೊಳಗೆ 5 ಸಲ ತಪ್ಪಿದರೆ ಆ ಐಪಿ ವಿಳಾಸಕ್ಕೆ 10 ನಿಮಿಷ ತಡೆ. ಕಚೇರಿಯ ಎಲ್ಲ ಯಂತ್ರಗಳೂ ಹೊರಗೆ ಕಾಣುವುದು ಒಂದೇ ಐಪಿಯಾಗಿ. ಹೀಗೆ ಸ್ಕ್ಯಾನರ್ ಮಾಡಿದ ತಪ್ಪಿಗೆ ಇಡೀ ಕಚೇರಿಗೆ ಬಾಗಿಲು ಮುಚ್ಚುತ್ತದೆ. ವೈಫೈ ಆರಿಸಿ ಮೊಬೈಲ್ ಡೇಟಾದಲ್ಲಿ ನೋಡಲು ಹೇಳಿ. ಅಲ್ಲಿ ಮೇಲ್ ತೆರೆದರೆ ಇದೇ ಕಾರಣವೆಂಬ ಅನುಮಾನ ಬಲವಾಗುತ್ತದೆ, ತಡೆಪಟ್ಟಿಯಲ್ಲಿ ಕಚೇರಿಯ ಐಪಿ ಸಿಕ್ಕರೆ ಖಚಿತ. ಆ ಐಪಿಯನ್ನು ವಿನಾಯಿತಿ ಪಟ್ಟಿಗೆ ಸೇರಿಸುವುದು ಸುಲಭದ ದಾರಿ, ಆದರೆ ಒಳಗಿನ ಒಂದು ಕಂಪ್ಯೂಟರಿಗೆ ವೈರಸ್ ಹೊಕ್ಕರೆ ಅದಕ್ಕೂ ವಿನಾಯಿತಿ ಸಿಕ್ಕಂತೆ. ಸ್ಕ್ಯಾನರಿಗೆ ಅದರದ್ದೇ ಖಾತೆ ಮಾಡಿಕೊಡುವುದು ಸರಿ. ಆಗ ಕಾರ್ಯದರ್ಶಿಯವರ ಪಾಸ್‌ವರ್ಡ್ ಬದಲಾದರೂ ಸ್ಕ್ಯಾನರ್ ತನ್ನ ಪಾಡಿಗೆ ಇರುತ್ತದೆ.

ಹಳೆಯ ಕಂಪ್ಯೂಟರಿನ ಮದರ್‌ಬೋರ್ಡಿನ ಬಟನ್ ಸೆಲ್ ಸತ್ತಿದ್ದರೆ ಕರೆಂಟ್ ಹೋದಾಗ ದಿನಾಂಕ ಹಲವು ವರ್ಷ ಹಿಂದೆ ಸರಿಯುತ್ತದೆ. ಆಗ ಸರ್ವರಿನ ಪ್ರಮಾಣಪತ್ರ ‘ಇನ್ನೂ ಚಾಲ್ತಿಗೆ ಬಂದಿಲ್ಲ’ ಎಂದು ಕಂಡು ಸಂಪರ್ಕ ಮುರಿಯುತ್ತದೆ. ಹೆಚ್ಚಿನ ಯಂತ್ರಗಳಲ್ಲಿ ಇರುವುದು ಸಿಆರ್2032 ಸೆಲ್, ಬದಲಿಸಿದರೆ ಮುಗಿಯಿತು.

ಕೆಲಸ ಬಿಟ್ಟುಹೋದವರ ಖಾತೆ ಮುಚ್ಚುವಾಗಲಾದರೋ ಪಾಸ್‌ವರ್ಡ್ ಬದಲಿಸಿದರಷ್ಟೇ ಸಾಲದು. ಅವರ ಫೋನು ಆಗಲೇ ಲಾಗಿನ್ ಆಗಿ ಕುಳಿತಿದ್ದರೆ ಆ ಸಂಪರ್ಕ ಮುಂದುವರಿಯುತ್ತದೆ. ‘ಡವ್‌ಅಡ್ಮ್ ಹೂ’ದಿಂದ ಯಾರಿದ್ದಾರೆ ನೋಡಿ, ‘ಡವ್‌ಅಡ್ಮ್ ಕಿಕ್’ನಿಂದ ಕಳಚಿ. ಡವ್‌ಕಾಟ್‌ನಲ್ಲಿ ದೃಢೀಕರಣದ ಕ್ಯಾಶ್ (ಪಾಸ್‌ವರ್ಡ್ ತಾಳೆಯನ್ನು ಸ್ವಲ್ಪ ಹೊತ್ತು ನೆನಪಿಡುವ ವ್ಯವಸ್ಥೆ) ಹಾಕಿಕೊಂಡಿದ್ದರೆ ಅದನ್ನು ಇದಕ್ಕೂ ಮೊದಲೇ ಖಾಲಿ ಮಾಡಬೇಕು. ಇಲ್ಲದಿದ್ದರೆ ಕ್ಯಾಶಿನ ಅವಧಿ ಮುಗಿಯುವವರೆಗೆ ಹಳೆಯ ಪಾಸ್‌ವರ್ಡ್ ನಡೆಯಬಹುದು. ಆಮೇಲೆ ಆ ಪೆಟ್ಟಿಗೆಗೆ ಬಂದ ಪತ್ರವನ್ನು ವಿಂಗಡಿಸುವ ಸೀವ್ ನಿಯಮಗಳನ್ನು ತೆರೆದು ನೋಡಿ. ಬಂದ ಪತ್ರವನ್ನೆಲ್ಲ ಸ್ವಂತ ವಿಳಾಸಕ್ಕೆ ಕಳಿಸುವ ಸಾಲು ಅಲ್ಲಿದ್ದರೆ, ಅದು ಯಾವ ಪಾಸ್‌ವರ್ಡನ್ನೂ ಕೇಳದೆ ಕೆಲಸ ಮಾಡುತ್ತಲೇ ಇರುತ್ತದೆ.